ನೆಲದಡಿಯ ಸಾಲ: ನಗರದ ನೀರಿನ ಸಂಸ್ಥೆಯ ಲೆಕ್ಕ ಓದುವ ಬಗೆ

ಒಡೆದ ಕೊಳವೆಯೊಂದನ್ನು ನೆಲದಿಂದ ಹೊರತೆಗೆಯುವುದನ್ನು ಒಮ್ಮೆ ಹತ್ತಿರ ನಿಂತು ನೋಡಿದ್ದೆ. ಬೀಡುಕಬ್ಬಿಣದ ಹಳೆಯ ಕೊಳವೆ. ಒಳಗೆಲ್ಲ ತುಕ್ಕಿನ ಗಂಟುಗಳು ಬೆಳೆದು, ಮುಷ್ಟಿ ತೂರುವಷ್ಟಿದ್ದ ಬಾಯಿ ಎರಡು ಬೆರಳಿನಷ್ಟಕ್ಕೆ ಇಳಿದಿತ್ತು. ನೀರು ನಿಲ್ಲಿಸಲು ಹೋದ ಕೆಲಸಗಾರರಿಗೆ ಪಕ್ಕದ ವಾಲ್ವ್ ತಿರುಗಲಿಲ್ಲ. ಎಷ್ಟೋ ವರ್ಷಗಳಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಅದರಾಚೆಯ ವಾಲ್ವ್ ಕೂಡ ಜಗ್ಗಲಿಲ್ಲ. ಮೂರನೆಯದು ಮುಚ್ಚಿಕೊಳ್ಳುವ ಹೊತ್ತಿಗೆ, ಒಂದು ಬೀದಿಗೆ ನೀರು ನಿಲ್ಲಿಸಿದರೆ ಸಾಕಿದ್ದ ಕಡೆ ಇಡೀ ಬಡಾವಣೆಯೇ ಒಣಗಿ ಕುಳಿತಿತ್ತು.

ಆಮೇಲೆ ಆ ಸಂಸ್ಥೆಯ ಹಿಂದಿನ ವರ್ಷದ ಲೆಕ್ಕಪತ್ರವನ್ನು ಹುಡುಕಿ ಓದಿದೆ. ವೆಚ್ಚಕ್ಕಿಂತ ಆದಾಯ ಹೆಚ್ಚಿತ್ತು. ಲೆಕ್ಕಪರಿಶೋಧಕರು ಯಾವ ಆಕ್ಷೇಪವೂ ಇಲ್ಲದೆ ಸಹಿ ಹಾಕಿದ್ದರು. ‘ದುರಸ್ತಿ ಮತ್ತು ನಿರ್ವಹಣೆ’ ಎಂಬ ಬಾಬಿನ ಮೊತ್ತ ಅದರ ಹಿಂದಿನ ವರ್ಷಕ್ಕಿಂತ ಇಳಿದಿತ್ತು. ವರದಿ ಆ ಇಳಿಕೆಯನ್ನು ಉಳಿತಾಯವೆಂದು ಕರೆದಿತ್ತು. ತಿರುಗದ ಆ ಎರಡು ವಾಲ್ವ್‌ಗಳ ನೆನಪಿನೊಂದಿಗೇ ನಾನು ಅಂದಿನಿಂದ ಇಂಥ ಲೆಕ್ಕಗಳನ್ನು ಓದುತ್ತಿದ್ದೇನೆ. ಬ್ಯಾಂಕಿನಿಂದ ತಂದ ಸಾಲ ಪುಸ್ತಕದಲ್ಲಿ ಕಾಣುತ್ತದೆ. ಮಾಡಬೇಕಾದ ಕೆಲಸವನ್ನು ಮುಂದೂಡಿ ನೆಲದಡಿಯಲ್ಲಿ ಬೆಳೆಸಿದ ಸಾಲ ಎಲ್ಲಿಯೂ ಕಾಣುವುದಿಲ್ಲ. ಅದನ್ನು ಬೆಳಕಿಗೆ ತರುವುದೇ ಹಣಕಾಸಿನ ಮೇಲ್ವಿಚಾರಣೆಯ ಮುಖ್ಯ ಕೆಲಸ ಎಂಬುದು ನನ್ನ ನಂಬಿಕೆ.

ನೀರು, ಒಳಚರಂಡಿ, ಕೆಲವು ಕಡೆ ವಿದ್ಯುತ್ತು, ಇಂಥ ಸೇವೆಯನ್ನು ನಗರಾಡಳಿತವೇ ನಡೆಸುವಾಗ ಅದರ ಹಣವನ್ನು ನಗರದ ಸಾಮಾನ್ಯ ಖಾತೆಯಿಂದ ಬೇರೆಯಾಗಿ ಇಡುವುದು ಒಳ್ಳೆಯ ಪದ್ಧತಿ. ಬಳಕೆದಾರರು ಕಟ್ಟಿದ ಶುಲ್ಕ ಆ ಸೇವೆಗೇ ಸೇರಬೇಕು, ಸೇವೆಯ ವೆಚ್ಚ ಆ ಶುಲ್ಕದಿಂದಲೇ ಹುಟ್ಟಬೇಕು ಎಂಬುದು ಇದರ ಹಿಂದಿನ ಆಲೋಚನೆ. ಆದರೆ ನಗರದ ಖಜಾನೆ ಬರಿದಾದಾಗ ಮೊದಲು ಕೈ ಹೋಗುವುದು ಈ ಬೇರೆ ಖಾತೆಗೇ. ‘ಆಡಳಿತ ಶುಲ್ಕ’, ‘ತಾತ್ಕಾಲಿಕ ಸಾಲ’, ‘ತೆರಿಗೆಗೆ ಬದಲಾಗಿ ಪಾವತಿ’ ಎಂಬ ಹೆಸರುಗಳಲ್ಲಿ ಹಣ ಆಚೆ ಹರಿಯುತ್ತದೆ. ಇವೆಲ್ಲವೂ ತಪ್ಪೆಂದು ಹೇಳಲಾಗದು. ನಗರದ ಕಚೇರಿ ನೀರಿನ ಸಂಸ್ಥೆಗೆ ನಿಜವಾಗಿ ಸೇವೆ ಕೊಟ್ಟಿದ್ದರೆ ಅದಕ್ಕೆ ಹಣ ಕೊಡಲೇಬೇಕು. ಆ ಮೊತ್ತವನ್ನು ಯಾವ ಲೆಕ್ಕದ ಮೇಲೆ ನಿರ್ಧರಿಸಿದರು, ತಾತ್ಕಾಲಿಕ ಎಂದು ಕೊಂಡೊಯ್ದದ್ದು ಯಾವ ದಿನ ಮರಳಿ ಬಂತು, ಈ ಎರಡನ್ನು ಕೇಳಿದರೆ ಸಾಕು.

ನೀರಿನ ಸಂಸ್ಥೆಯ ಆರ್ಥಿಕತೆಗೆ ಒಂದು ವಿಚಿತ್ರ ಗುಣವಿದೆ. ಒಂದು ಮನೆ ಕಡಿಮೆ ನೀರು ಬಳಸಿದಾಕ್ಷಣ ಸಂಸ್ಥೆಯ ವೆಚ್ಚ ಅಷ್ಟೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಜಲಾಶಯ, ಶುದ್ಧೀಕರಣ ಘಟಕ, ಕೊಳವೆ ಜಾಲ, ಸಿಬ್ಬಂದಿ, ಸಾಲದ ಕಂತು ಎಲ್ಲವೂ ಇದ್ದಲ್ಲೇ ಇರುತ್ತವೆ. ಇಳಿಯುವುದು ಪಂಪಿನ ವಿದ್ಯುತ್ತು, ರಾಸಾಯನಿಕಗಳಂಥ ಸಣ್ಣ ಭಾಗ ಮಾತ್ರ. ಆದಾಯದ ಬಹುಪಾಲು ಬರುವುದು ಮೀಟರಿನ ಅಳತೆಯ ಮೇಲೆ.

ಇದನ್ನು ಅಂಕಿಗಳಲ್ಲಿ ಇಟ್ಟು ನೋಡೋಣ. ಸಂಸ್ಥೆಯ ಆದಾಯ 100. ದಿನನಿತ್ಯ ನಡೆಸುವ ವೆಚ್ಚ 60, ಸಾಲದ ಅಸಲು ಮತ್ತು ಬಡ್ಡಿಯ ಕಂತು 32. ಮಿಕ್ಕ 8 ಹಳೆಯ ಕೊಳವೆಗಳನ್ನು ಬದಲಿಸಲು. ಆದಾಯದಲ್ಲಿ 80 ಬಳಕೆಯ ಅಳತೆಯ ಮೇಲೆ, 20 ಸ್ಥಿರ ಶುಲ್ಕದಿಂದ ಬರುತ್ತದೆ ಎನ್ನಿ. ವೆಚ್ಚದಲ್ಲಿ ಬಳಕೆಯ ಜೊತೆ ಏರಿಳಿಯುವುದು 20 ಮಾತ್ರ. ಒಂದು ವರ್ಷ ಮಳೆ ಚೆನ್ನಾಗಿ ಬಂದು ಬಳಕೆ ಹತ್ತನೇ ಒಂದು ಪಾಲು ಇಳಿಯಿತು. ಆದಾಯ 92ಕ್ಕೆ ಇಳಿಯುತ್ತದೆ, ನಡೆಸುವ ವೆಚ್ಚ 58ಕ್ಕೆ. ಕಂತಿನ 32 ಕದಲುವುದಿಲ್ಲ. ಉಳಿಯುವುದು 2. ಬಳಕೆ ಇಳಿದದ್ದು ನೂರಕ್ಕೆ ಹತ್ತು. ಕೊಳವೆಗಿಟ್ಟ ಹಣ ಇಳಿದದ್ದು ಮುಕ್ಕಾಲು ಪಾಲು. ಸಂಬಳ ತಪ್ಪಿಲ್ಲ, ಕಂತು ತಪ್ಪಿಲ್ಲ, ನಲ್ಲಿಯಲ್ಲಿ ನೀರು ಬರುತ್ತಿದೆ. ಹೊರಗಿನಿಂದ ನೋಡುವವರಿಗೆ ಏನೂ ಆದಂತಿಲ್ಲ. ಎರಡು ವರ್ಷ ಹೀಗಾದರೆ ಅದೇ ರೂಢಿಯಾಗುತ್ತದೆ, ಮುಂದಿನ ಆಯವ್ಯಯದಲ್ಲಿ ಆ 2 ಎಂಬುದೇ ‘ಹಿಂದಿನ ವರ್ಷದ ಮಟ್ಟ’ ಎಂದು ಅಚ್ಚಾಗುತ್ತದೆ.

ಸಾಲ ಕೊಟ್ಟವರು ಇದೇ ಲೆಕ್ಕವನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ. ನಡೆಸುವ ವೆಚ್ಚ ಕಳೆದು ಉಳಿದದ್ದು ಕಂತಿನ ಎಷ್ಟು ಪಟ್ಟಿದೆ ಎಂಬುದು ಅವರ ಅಳತೆಗೋಲು. ಮೊದಲ ವರ್ಷದಲ್ಲಿ 40ಕ್ಕೆ 32, ಅಂದರೆ 1.25 ಪಟ್ಟು. ಮಳೆಯ ವರ್ಷದಲ್ಲಿ 34ಕ್ಕೆ 32, ಸುಮಾರು 1.06 ಪಟ್ಟು. ಅಮೆರಿಕದ ನಗರ ಸಂಸ್ಥೆಗಳ ಬಾಂಡ್, ಅಂದರೆ ಹೂಡಿಕೆದಾರರಿಂದ ಸಾಲ ಎತ್ತುವ ಪತ್ರಗಳ, ಕರಾರುಗಳಲ್ಲಿ 1.20, 1.25ರಂಥ ಕನಿಷ್ಠ ಮಿತಿಗಳು ಸಾಮಾನ್ಯ. ಅದಕ್ಕಿಂತ ಕೆಳಗಿಳಿದರೆ ದರ ಏರಿಸಬೇಕು ಎಂಬ ಷರತ್ತೂ ಅಲ್ಲೇ ಇರುತ್ತದೆ. ಸಾಲ ಕೊಟ್ಟವರ ಹಿತ ಕಾಯಲು ಹೀಗೆ ಬರೆದಿಟ್ಟ ಕರಾರಿದೆ. ಕೊಳವೆಯ ಪರವಾಗಿ ಯಾವ ಕರಾರನ್ನೂ ಯಾರೂ ಬರೆದಿಡುವುದಿಲ್ಲ. ಕಷ್ಟಕಾಲದಲ್ಲಿ ಕತ್ತರಿ ಯಾವ ಕಡೆ ಹೋಗುತ್ತದೆ ಎಂಬುದು ಅಲ್ಲೇ ತೀರ್ಮಾನವಾಗಿಬಿಡುತ್ತದೆ.

ಸವಕಳಿ ಎಂಬ ಪದ ಇಲ್ಲಿ ಬರಬೇಕು. ಕೊಳವೆ ಹಾಕಿದ ವೆಚ್ಚವನ್ನು ಒಂದೇ ವರ್ಷದ ಖರ್ಚಾಗಿ ತೋರಿಸುವುದಿಲ್ಲ. ಅದು ಬಂಡವಾಳ ವೆಚ್ಚ. ಕೊಳವೆ ಎಷ್ಟು ವರ್ಷ ಬಾಳುತ್ತದೋ ಅಷ್ಟು ವರ್ಷಗಳಿಗೆ ಅದನ್ನು ಹಂಚುತ್ತಾರೆ. 100 ಕೊಟ್ಟು ಹಾಕಿದ ಕೊಳವೆಗೆ 50 ವರ್ಷ ಆಯುಷ್ಯವೆಂದರೆ ವರ್ಷಕ್ಕೆ 2ರಂತೆ ಸವಕಳಿ. ದರ ನಿಗದಿಯಲ್ಲಿ ಈ 2 ಸೇರಿಸಿದ್ದರೆ, ಐವತ್ತು ವರ್ಷಕ್ಕೆ 100 ಕೈಸೇರಿ ಹೊಸ ಕೊಳವೆ ಬರುತ್ತದೆ ಎಂದು ತೋರುತ್ತದೆ. ಎಡವುವುದು ಇಲ್ಲೇ. ಬೆಲೆಗಳು ವರ್ಷಕ್ಕೆ ನೂರಕ್ಕೆ 5ರಂತೆ ಏರಿದರೆ ಐವತ್ತು ವರ್ಷದ ಬಳಿಕ ಅದೇ ಕೊಳವೆಗೆ ಸುಮಾರು 1,147 ಬೇಕು. ವರ್ಷ ವರ್ಷವೂ ಆ 2ನ್ನು ಮುಟ್ಟದೆ ತೆಗೆದಿಟ್ಟು, ಅದಕ್ಕೆ ನೂರಕ್ಕೆ 5 ಬಡ್ಡಿ ಬಂದಿದ್ದರೂ ಕೂಡುವುದು ಸುಮಾರು 419. ಬೇಕಾದುದರ ಅರ್ಧವೂ ಇಲ್ಲ. ನಿಜ ಜೀವನದಲ್ಲಿ ಆ ಹಣವನ್ನು ಮುಟ್ಟದೆ ಉಳಿಸುವವರು ಕಡಿಮೆ, ಏಕೆಂದರೆ ಸವಕಳಿ ಎಂಬುದು ಪುಸ್ತಕದಲ್ಲಿ ಬರೆಯುವ ಖರ್ಚು. ಅದಕ್ಕೆ ಪ್ರತಿಯಾಗಿ ಯಾರಿಗೂ ಚೆಕ್ ಹೋಗುವುದಿಲ್ಲ. ಹಣ ಖಾತೆಯಲ್ಲೇ ಉಳಿದು ‘ಮಿಗತೆ’ಯಂತೆ ಕಾಣುತ್ತದೆ. ಮಿಗತೆ ಕಂಡಲ್ಲಿ ದರ ಏರಿಕೆಯನ್ನು ಮುಂದೂಡಲು ಸುಲಭದ ಕಾರಣ ಸಿಗುತ್ತದೆ.

ಹಾಗಾಗಿ ಮೂಲ ಬೆಲೆಯ ಸವಕಳಿಯನ್ನು ತುಂಬಿಕೊಂಡ ಸಂಸ್ಥೆಯೂ ಒಳಗೊಳಗೇ ಸೊರಗುತ್ತಿರಬಹುದು. ಇದನ್ನು ಪತ್ತೆ ಹಚ್ಚಲು ಲೆಕ್ಕಶಾಸ್ತ್ರ ಓದಬೇಕಿಲ್ಲ. ಒಟ್ಟು ಎಷ್ಟು ಕಿಲೋಮೀಟರ್ ಕೊಳವೆ ಇದೆ, ಹೋದ ವರ್ಷ ಎಷ್ಟು ಬದಲಿಸಿದಿರಿ ಎಂದು ಕೇಳಿ ಭಾಗಿಸಿ ನೋಡಿ. 1,000 ಕಿಲೋಮೀಟರಿನಲ್ಲಿ 4 ಕಿಲೋಮೀಟರ್ ಬದಲಾಗಿದ್ದರೆ, ಇಂದು ಹಾಕಿದ ಕೊಳವೆಯ ಸರದಿ ಮತ್ತೆ ಬರುವುದು 250 ವರ್ಷದ ನಂತರ. ಅಷ್ಟು ಬಾಳುವ ಕೊಳವೆಯನ್ನು ಯಾವ ಎಂಜಿನಿಯರೂ ನಂಬಿಕೊಂಡು ಜಾಲ ಕಟ್ಟುವುದಿಲ್ಲ. ಜಾಲ ಹೊಸದಾಗಿದ್ದರೆ ಕೆಲಕಾಲ ಈ ವೇಗ ಸಾಕಾಗಬಹುದು. ಆಗಲೂ ಒಂದೇ ದಶಕದಲ್ಲಿ ಹಾಕಿದ ಕೊಳವೆಗಳೆಲ್ಲ ಒಂದೇ ದಶಕದಲ್ಲಿ ಮುಪ್ಪಾಗುತ್ತವೆ ಎಂಬುದನ್ನು ಮೊದಲೇ ಎಣಿಸಿರಬೇಕು.

ಬಂಡವಾಳ ಯೋಜನೆ ಎನ್ನುವುದು ಈ ಎಣಿಕೆಯಿಂದ ಶುರುವಾಗಬೇಕು. ಸಾಮಾನ್ಯವಾಗಿ ಐದು ವರ್ಷದ, ಕೆಲವೆಡೆ ಹತ್ತು ವರ್ಷದ ಪಟ್ಟಿ ಮಾಡುತ್ತಾರೆ. ಒಂದು ವರ್ಷ ಮುಗಿದಾಗ ಕೊನೆಗೆ ಒಂದು ವರ್ಷ ಸೇರಿಸಿ ಪಟ್ಟಿಯನ್ನು ಮುಂದಕ್ಕೆ ಉರುಳಿಸುತ್ತಾರೆ. ಪಟ್ಟಿಗೆ ಮೊದಲು ಆಸ್ತಿಗಳ ದಾಖಲೆ ಬೇಕು: ಯಾವ ಬೀದಿಯಲ್ಲಿ, ಯಾವ ಲೋಹದ, ಯಾವ ವರ್ಷದ ಕೊಳವೆ, ಎಷ್ಟು ಸಲ ಒಡೆದಿದೆ. ಆಮೇಲೆ ಎರಡು ಪ್ರಶ್ನೆ. ಇದು ಕೆಡುವ ಸಂಭವ ಎಷ್ಟು? ಕೆಟ್ಟರೆ ಆಗುವ ಹಾನಿ ಎಷ್ಟು? ಮೂಲೆಯ ಬೀದಿಯ ಸೋರುವ ಸಣ್ಣ ಕೊಳವೆಗಿಂತ, ಇನ್ನೂ ಒಡೆಯದ ಆದರೆ ಆಸ್ಪತ್ರೆಗೆ ನೀರು ಒಯ್ಯುವ ಏಕೈಕ ಮುಖ್ಯ ಕೊಳವೆ ಮೇಲೆ ಬರಬಹುದು. ಇದನ್ನು ಸಭೆಯಲ್ಲಿ ಒಪ್ಪಿಸುವುದು ಕಷ್ಟ. ಸೋರಿಕೆಯ ಮುಂದೆ ನಿಂತು ದೂರು ಕೊಡುವವರಿದ್ದಾರೆ, ಒಡೆಯದ ಕೊಳವೆಯ ಪರವಾಗಿ ಅರ್ಜಿ ಹಿಡಿದು ಬರುವವರಿಲ್ಲ. ಪಟ್ಟಿಯಲ್ಲಿ ಪ್ರತಿ ಕಾಮಗಾರಿಯ ಎದುರು ಅದು ಯಾಕೆ ಆ ಸ್ಥಾನದಲ್ಲಿದೆ ಎಂದು ಒಂದು ಸಾಲು ಬರೆದಿರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಸ್ಥಾನ ಬದಲಾದರೆ ಕಾರಣವೂ ಬದಲಾಗಬೇಕಾಗುತ್ತದೆ, ಬದಲಾಯಿಸಿದವರ ಹೆಸರೂ ದಾಖಲಾಗುತ್ತದೆ.

ಹೊಸ ಕಾಮಗಾರಿ ಕಟ್ಟುವಾಗ ಬೇಡಿಕೆಯ ಅಂದಾಜು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ವಾಯವ್ಯ ಭಾಗದ ಕಥೆ ದೊಡ್ಡ ಉದಾಹರಣೆ. ವಾಷಿಂಗ್ಟನ್ ಪಬ್ಲಿಕ್ ಪವರ್ ಸಪ್ಲೈ ಸಿಸ್ಟಮ್ ಎಂಬ ಸಾರ್ವಜನಿಕ ವಿದ್ಯುತ್ ಸಂಸ್ಥೆ 1970ರ ದಶಕದಲ್ಲಿ ಐದು ಪರಮಾಣು ಸ್ಥಾವರಗಳನ್ನು ಒಟ್ಟಿಗೆ ಕೈಗೆತ್ತಿಕೊಂಡಿತು. ವಿದ್ಯುತ್ ಬೇಡಿಕೆ ವರ್ಷಕ್ಕೆ ನೂರಕ್ಕೆ 7ರ ಆಸುಪಾಸಿನಲ್ಲಿ ಏರುತ್ತಲೇ ಹೋಗುತ್ತದೆ, ಅಂದರೆ ಹತ್ತು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ ಎಂಬುದು ಆಗಿನ ನಂಬಿಕೆ. ಬೇಡಿಕೆ ಹಾಗೆ ಏರಲಿಲ್ಲ. ನಿರ್ಮಾಣ ವೆಚ್ಚ ಮಾತ್ರ ಹಲವು ಪಟ್ಟು ಏರಿತು. ನಾಲ್ಕು ಮತ್ತು ಐದನೆಯ ಸ್ಥಾವರಗಳಿಗೆ 88 ಸಣ್ಣ ದೊಡ್ಡ ವಿದ್ಯುತ್ ಸಂಸ್ಥೆಗಳು, ಸ್ಥಾವರ ಪೂರ್ಣಗೊಳ್ಳಲಿ ಬಿಡಲಿ ಹಣ ಕೊಡುತ್ತೇವೆ ಎಂದು ಸಹಿ ಹಾಕಿದ್ದವು. 1982ರಲ್ಲಿ ಆ ಎರಡನ್ನೂ ಕೈಬಿಡಲಾಯಿತು. ಇಂಥ ಕರಾರಿಗೆ ಸಹಿ ಹಾಕುವ ಅಧಿಕಾರವೇ ವಾಷಿಂಗ್ಟನ್ ರಾಜ್ಯದ ನಗರ ಸಂಸ್ಥೆಗಳಿಗೆ ಇರಲಿಲ್ಲ ಎಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ 1983ರಲ್ಲಿ ತೀರ್ಪು ಕೊಟ್ಟಿತು. ಅದೇ ವರ್ಷ 225 ಕೋಟಿ ಡಾಲರ್ ಬಾಂಡ್‌ಗಳ ಪಾವತಿ ತಪ್ಪಿತು. ಅಲ್ಲಿಯವರೆಗಿನ ಅಮೆರಿಕದ ಇತಿಹಾಸದಲ್ಲಿ ಸ್ಥಳೀಯ ಸಂಸ್ಥೆಗಳ ಬಾಂಡ್ ವಿಷಯದಲ್ಲಿ ಅಷ್ಟು ದೊಡ್ಡ ವೈಫಲ್ಯ ಆಗಿರಲಿಲ್ಲ. ಐದರಲ್ಲಿ ಪೂರ್ಣಗೊಂಡದ್ದು ಒಂದೇ.

ಈ ಪ್ರಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆ 88 ಸಹಿಗಳು. ಸಹಿ ಹಾಕಿದವರಲ್ಲಿ ಸಣ್ಣ ಊರುಗಳ ಸಂಸ್ಥೆಗಳೂ ಇದ್ದವು. ಅಂದಾಜನ್ನು ತಯಾರಿಸಿದವರು ದೊಡ್ಡವರು, ತಜ್ಞರು. ಮೇಜಿನ ಈಚೆ ಕುಳಿತವರಿಗೆ ಪ್ರಶ್ನಿಸಲು ಸಂಕೋಚ. ಬೇಡಿಕೆ ನೂರಕ್ಕೆ 7ರ ಬದಲು 2ರಂತೆ ಏರಿದರೆ ಈ ಕಂತು ಕಟ್ಟುವವರು ಯಾರು ಎಂದು ಕೇಳಲು ವಿಶೇಷ ಪಾಂಡಿತ್ಯ ಬೇಡ. ಯಾವುದೇ ಬಂಡವಾಳ ಯೋಜನೆಯ ಜೊತೆಗೆ ಮೂರು ಅಂದಾಜುಗಳನ್ನಾದರೂ ಮುಂದಿಡಬೇಕು: ನಿರೀಕ್ಷೆಯಂತೆ ನಡೆದರೆ, ಬೇಡಿಕೆ ಕಡಿಮೆಯಾದರೆ, ವೆಚ್ಚ ಏರಿದರೆ. ಒಂದೇ ಅಂದಾಜು ತಂದಿಟ್ಟವರಿಗೆ ಕಡತವನ್ನು ವಾಪಸು ಕಳಿಸುವ ಧೈರ್ಯ ಆಡಳಿತ ಮಂಡಳಿಗೆ ಇರಬೇಕು.

ಸಾಲವೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಎಪ್ಪತ್ತು ವರ್ಷ ಬಾಳುವ ಶುದ್ಧೀಕರಣ ಘಟಕದ ಪೂರ್ತಿ ಹಣವನ್ನು ಈ ವರ್ಷದ ಬಳಕೆದಾರರಿಂದಲೇ ವಸೂಲು ಮಾಡುವುದು ಅನ್ಯಾಯ. ಸಾಲ ಮಾಡಿ ಕಂತು ಹಂಚಿದರೆ, ನಾಳೆ ನೀರು ಕುಡಿಯುವವರೂ ಪಾಲು ಕೊಡುತ್ತಾರೆ. ನಿಯಮ ಸರಳ: ಆಸ್ತಿಯ ಆಯುಷ್ಯಕ್ಕಿಂತ ಸಾಲದ ಆಯುಷ್ಯ ಹೆಚ್ಚಿರಬಾರದು, ದಿನನಿತ್ಯದ ಖರ್ಚಿಗೆ ದೀರ್ಘಾವಧಿ ಸಾಲ ತರಬಾರದು. ಪಂಪಿನ ದುರಸ್ತಿಯನ್ನು ಬಂಡವಾಳ ಎಂದು ಬರೆದು ಮೂವತ್ತು ವರ್ಷದ ಸಾಲಕ್ಕೆ ಸೇರಿಸಿದರೆ ಆ ವರ್ಷದ ಲೆಕ್ಕ ಸುಂದರವಾಗುತ್ತದೆ. ಪಂಪು ಗುಜರಿಗೆ ಹೋದ ಮೇಲೂ ಬಡ್ಡಿ ಓಡುತ್ತಿರುತ್ತದೆ.

ಸಾಲದ ಸ್ವರೂಪ ಅರ್ಥವಾಗದೆ ಮುಳುಗಿದ ಉದಾಹರಣೆ ಅಮೆರಿಕದ ಅಲಬಾಮಾ ರಾಜ್ಯದ ಜೆಫರ್ಸನ್ ಕೌಂಟಿ (ಜಿಲ್ಲೆಯಂಥ ಆಡಳಿತ ಘಟಕ). ಒಳಚರಂಡಿ ನೀರು ನದಿಗಳಿಗೆ ಹರಿಯುತ್ತಿದ್ದುದರಿಂದ ವ್ಯವಸ್ಥೆಯನ್ನು ಸರಿಪಡಿಸುವ ಒಪ್ಪಂದಕ್ಕೆ 1996ರಲ್ಲಿ ಅದು ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ಕೆಲಸ ನಿಜವಾಗಿ ಅಗತ್ಯವಿತ್ತು. ಹಣ ತಂದ ಬಗೆ ಮಾತ್ರ ಊರನ್ನೇ ಮುಳುಗಿಸಿತು. ಮುನ್ನೂರು ಕೋಟಿ ಡಾಲರಿಗೂ ಮೀರಿದ ಸಾಲದ ಬಹುಭಾಗವನ್ನು ಬಡ್ಡಿ ಏರಿಳಿಯುವ ಬಾಂಡ್‌ಗಳಿಗೆ ಬದಲಿಸಿ, ಅದರ ಮೇಲೆ ಬಡ್ಡಿ ವಿನಿಮಯದ, ಅಂದರೆ ಸ್ಥಿರ ಬಡ್ಡಿಗೂ ಏರಿಳಿಯುವ ಬಡ್ಡಿಗೂ ಅದಲುಬದಲು ಮಾಡಿಕೊಳ್ಳುವ, ತೊಡಕಿನ ಕರಾರುಗಳನ್ನು ಹೇರಲಾಯಿತು. 2008ರಲ್ಲಿ ಹಣಕಾಸು ಮಾರುಕಟ್ಟೆ ಕುಸಿದು ಬಾಂಡ್‌ಗಳಿಗೆ ವಿಮೆ ನೀಡಿದ್ದ ಕಂಪನಿಗಳ ದರ್ಜೆ ಇಳಿದಾಗ, ಬಡ್ಡಿ ಕೈಮೀರಿತು. ಲಂಚದ ಪ್ರಕರಣಗಳಲ್ಲಿ ಅಧಿಕಾರದಲ್ಲಿದ್ದವರಿಗೂ ಗುತ್ತಿಗೆದಾರರಿಗೂ ಶಿಕ್ಷೆಯಾಯಿತು. 2011ರ ನವೆಂಬರಿನಲ್ಲಿ ಸುಮಾರು 420 ಕೋಟಿ ಡಾಲರ್ ಹೊಣೆಯೊಂದಿಗೆ ಕೌಂಟಿ ದಿವಾಳಿ ಅರ್ಜಿ ಸಲ್ಲಿಸಿತು. ಲಂಚ ತಿಂದವರು ಶಿಕ್ಷೆ ಅನುಭವಿಸಿದರು ಸರಿ, ಏರಿದ ಒಳಚರಂಡಿ ಶುಲ್ಕವನ್ನು ವರ್ಷಗಟ್ಟಲೆ ಕಟ್ಟಿದವರು ಸಾಮಾನ್ಯ ಮನೆಗಳವರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಇಂಥದ್ದಕ್ಕೇ ಹುಟ್ಟಿರಬೇಕು. ಮಂಡಳಿಯ ಸದಸ್ಯರೊಬ್ಬರು ತಮ್ಮ ಮಾತಿನಲ್ಲಿ ವಿವರಿಸಿ ಹೇಳಲಾಗದ ಸಾಲಪತ್ರಕ್ಕೆ ಮಂಡಳಿ ಒಪ್ಪಿಗೆ ಕೊಡಬಾರದು.

ಹಾಗಾದರೆ ನೋಡಬೇಕಾದವರು ಯಾರು? ಹೊರಗಿನ ಲೆಕ್ಕಪರಿಶೋಧಕರ ಮೇಲೆ ಜನ ಅತಿಯಾದ ಭರವಸೆ ಇಡುತ್ತಾರೆ. ಬರೆದ ಲೆಕ್ಕ ನಿಯಮದ ಪ್ರಕಾರ, ವಾಸ್ತವಕ್ಕೆ ನಿಷ್ಠವಾಗಿ ಇದೆಯೇ ಎಂದು ಹೇಳುವುದು ಅವರ ಕೆಲಸ. ವಾಲ್ವ್ ತಿರುಗುತ್ತದೆಯೇ ಎಂದು ಅವರು ನೋಡುವುದಿಲ್ಲ, ದರ ಸಾಕೇ ಎಂದೂ ಹೇಳುವುದಿಲ್ಲ. ಒಳಗಿನ ಲೆಕ್ಕಪರಿಶೋಧನೆ ಪ್ರಕ್ರಿಯೆಗಳನ್ನು ನೋಡುತ್ತದೆ: ಟೆಂಡರ್ ಸರಿಯಾಗಿ ನಡೆಯಿತೇ, ಅಳೆದ ಕೆಲಸಕ್ಕೇ ಬಿಲ್ ಪಾಸಾಯಿತೇ. ಅದರ ವರದಿ ಯಾರ ಕೈ ಸೇರುತ್ತದೆ ಎಂಬುದು ಮುಖ್ಯ. ಯಾರ ಕೆಲಸವನ್ನು ಪರಿಶೀಲಿಸಿದರೋ ಅವರಿಗೇ ವರದಿ ಒಪ್ಪಿಸಿದರೆ ಅದು ಕಪಾಟು ಸೇರುತ್ತದೆ. ಮಂಡಳಿಯ ಸಮಿತಿಗೆ ನೇರವಾಗಿ ಹೋಗಬೇಕು. ಇವೆರಡರ ನಡುವೆ ಉಳಿಯುವ ದೊಡ್ಡ ಜಾಗವನ್ನು ತುಂಬಬೇಕಾದವರು ಮಂಡಳಿಯವರು ಮತ್ತು ಚುನಾಯಿತ ಸದಸ್ಯರು.

ಅವರು ಕೈಯಲ್ಲಿ ಹಿಡಿದು ನೋಡಬೇಕಾದ ಒಂದು ಬಾಬನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಆಸ್ತಿ ಪಟ್ಟಿಯಲ್ಲಿ ‘ಪ್ರಗತಿಯಲ್ಲಿರುವ ಕಾಮಗಾರಿ’ ಎಂದಿರುತ್ತದೆ. ಕೆಲಸ ನಡೆಯುತ್ತಿರುವಾಗ ಮಾಡಿದ ಖರ್ಚು ಅಲ್ಲಿ ಸೇರುತ್ತದೆ, ಮುಗಿದ ಮೇಲೆ ಅಲ್ಲಿಂದ ಹೊರಬಂದು ಆಸ್ತಿಯಾಗುತ್ತದೆ. ಸವಕಳಿ ಶುರುವಾಗುವುದು ಆಗ. ಈ ಮೊತ್ತ ವರ್ಷದಿಂದ ವರ್ಷಕ್ಕೆ ಉಬ್ಬುತ್ತಲೇ ಇದ್ದರೆ ಸಂಶಯ ಪಡಬೇಕು. ಒಂದೋ ಕಾಮಗಾರಿಗಳು ಅರ್ಧಕ್ಕೆ ನಿಂತಿವೆ, ಇಲ್ಲವೇ ಕೆಲಸ ಮುಗಿದು ನೀರು ಹರಿಯುತ್ತಿದ್ದರೂ ಪುಸ್ತಕದಲ್ಲಿ ಮುಗಿದಂತೆ ಬರೆದಿಲ್ಲ, ಹಾಗಾಗಿ ಸವಕಳಿಯ ಖರ್ಚು ಮುಚ್ಚಿಹೋಗಿದೆ. ಇನ್ನೂ ಕೆಟ್ಟದ್ದೆಂದರೆ, ಕೈಬಿಟ್ಟ ಯೋಜನೆಯ ಖರ್ಚು ಅಲ್ಲೇ ಆಸ್ತಿಯ ವೇಷದಲ್ಲಿ ಕುಳಿತಿರಬಹುದು. ಕಾಮಗಾರಿವಾರು ಪಟ್ಟಿ ಕೇಳಿ: ಶುರುವಾದ ದಿನ, ಮೂಲ ಅಂದಾಜು, ಪರಿಷ್ಕೃತ ಅಂದಾಜು, ಈವರೆಗಿನ ಖರ್ಚು, ಸ್ಥಳದಲ್ಲಿ ಆದ ಕೆಲಸ ನೂರಕ್ಕೆ ಎಷ್ಟು. ಹಣ ನೂರಕ್ಕೆ 80 ಖರ್ಚಾಗಿ ಕೆಲಸ ನೂರಕ್ಕೆ 50 ಆಗಿರುವ ಸಾಲು ಕಣ್ಣಿಗೆ ರಾಚುತ್ತದೆ. ಪರಿಷ್ಕೃತ ಅಂದಾಜು ಮೂರನೇ ಸಲ ಬದಲಾಗಿದ್ದರೆ, ಮೊದಲ ಅಂದಾಜು ಮಾಡುವಾಗ ನೆಲ ಅಗೆದು ನೋಡಿದ್ದಿರಾ ಎಂದು ಕೇಳಬೇಕು.

ಬರಬೇಕಾದ ಹಣದ ಬಾಬೂ ಅಷ್ಟೇ ಮಾತಾಡುತ್ತದೆ. ಬಾಕಿಯ ಒಟ್ಟು ಮೊತ್ತಕ್ಕಿಂತ ಅದರ ವಯಸ್ಸು ನೋಡಿ. ಮೂರು ವರ್ಷ ಹಳೆಯ ಬಾಕಿಯನ್ನು ಆದಾಯವೆಂದು ಹೊತ್ತುಕೊಂಡು ತಿರುಗುವ ಸಂಸ್ಥೆ ತನ್ನನ್ನು ತಾನೇ ನಂಬಿಸಿಕೊಳ್ಳುತ್ತಿದೆ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಜಾಕ್ಸನ್ ನಗರದಲ್ಲಿ ಮೀಟರು ಮತ್ತು ಬಿಲ್ಲಿನ ವ್ಯವಸ್ಥೆ ಹದಗೆಟ್ಟು ವರ್ಷಗಟ್ಟಲೆ ಆದಾಯ ಸೋರಿತು, ಘಟಕಗಳ ನಿರ್ವಹಣೆ ಹಿಂದೆ ಬಿತ್ತು. 2022ರ ಆಗಸ್ಟ್ ಕೊನೆಯಲ್ಲಿ ಮುಖ್ಯ ಶುದ್ಧೀಕರಣ ಘಟಕ ಕೈಕೊಟ್ಟಾಗ ಸುಮಾರು ಒಂದೂವರೆ ಲಕ್ಷ ಜನರಿಗೆ ಸುರಕ್ಷಿತ ನೀರಿಲ್ಲದಂತಾಯಿತು. ಆಗ ಬಂದ ಪ್ರವಾಹ ನೆಪವಾಯಿತು; ಕುಸಿತ ಬಹಳ ಹಿಂದೆಯೇ ಶುರುವಾಗಿತ್ತು.

ದರ ಏರಿಸಿ ಎಂದರೆ ಬಡವರ ಗತಿಯೇನು ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಕಾಂಬೋಡಿಯಾದ ನಾಮ್ ಪೆನ್ ನಗರ ಕೊಟ್ಟ ಉತ್ತರ ನನಗೆ ಬಹಳ ಇಷ್ಟ. 1993ರಲ್ಲಿ ಅಲ್ಲಿ ಉತ್ಪಾದಿಸಿದ ನೀರಿನಲ್ಲಿ ನೂರಕ್ಕೆ 72 ಭಾಗಕ್ಕೆ ಹಣ ಬರುತ್ತಿರಲಿಲ್ಲ. ಸೋರಿಕೆ, ಕಳ್ಳತನ, ಬಿಲ್ಲಿಲ್ಲದ ಸಂಪರ್ಕಗಳು. ಆ ವರ್ಷ ಸಂಸ್ಥೆಯ ಹೊಣೆ ಹೊತ್ತ ಏಕ್ ಸೊನ್ ಚಾನ್ ಮೊದಲು ಮಾಡಿದ್ದು ಗ್ರಾಹಕರ ಪಟ್ಟಿಯನ್ನು ಮನೆ ಮನೆಗೆ ಹೋಗಿ ತಿದ್ದಿಸುವ ಕೆಲಸ. ಎಲ್ಲ ಸಂಪರ್ಕಗಳಿಗೂ ಮೀಟರ್ ಹಾಕಿಸಿದರು. ಹಣ ಕಟ್ಟದ ಪ್ರಭಾವಿಗಳನ್ನೂ ಬಿಡಲಿಲ್ಲ. ಸೋರಿಕೆ ಹುಡುಕುವ ತಂಡಗಳಿಗೆ ಫಲಿತಾಂಶದ ಮೇಲೆ ಪ್ರೋತ್ಸಾಹಧನ ಕೊಟ್ಟರು. ಹಣ ತಾರದ ನೀರು ಮುಂದೆ ನೂರಕ್ಕೆ 6ರ ಸಮೀಪಕ್ಕೆ ಇಳಿಯಿತು, ದಿನವಿಡೀ ನೀರು ಬರತೊಡಗಿತು. 2006ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಅಲ್ಲಿನ ದರದ ಕಥೆ ಇನ್ನೂ ಹತ್ತಿರದಿಂದ ನೋಡುವಂಥದ್ದು. ವೆಚ್ಚ ತುಂಬುವ ಮಟ್ಟಕ್ಕೆ ದರವನ್ನು ಮೂರು ಹಂತಗಳಲ್ಲಿ ಏರಿಸುವುದೆಂದು ಯೋಜಿಸಿದ್ದರು. ಮೊದಲ ಹಂತ 1997ರಲ್ಲಿ, ಎರಡನೆಯದು 2001ರಲ್ಲಿ ಬಂತು. ಅಷ್ಟರಲ್ಲಿ ಸೋರಿಕೆ ಇಳಿದು, ಬಿಲ್ಲಿನ ವಸೂಲಿ ನೂರಕ್ಕೆ ನೂರರ ಹತ್ತಿರ ತಲುಪಿ, ಆದಾಯವೇ ವೆಚ್ಚವನ್ನು ತುಂಬಿತು. ಮೂರನೆಯ ಏರಿಕೆಯ ಅಗತ್ಯ ಬೀಳಲಿಲ್ಲ.